ನಡುವೆ ನಿಂತವನು ಯಾರ ಪರ?



ಕಳೆದ ಶ್ರಾವಣದಲ್ಲಿ ಹೊಸನಗರದ ಕಡೆಯ ಗೃಹಸ್ಥರೊಬ್ಬರು ಪತ್ನೀಸಮೇತರಾಗಿ ಬಂದು ಕುಳಿತರು. ನಿವೃತ್ತಿಯ ಹಣದಿಂದ ತೀರ್ಥಹಳ್ಳಿಯ ಬಳಿ ಮೂರು ಎಕರೆ ಅಡಿಕೆ ತೋಟ ಕೊಳ್ಳಲು ದಲ್ಲಾಳಿಯೊಬ್ಬನ ಮೂಲಕ ಮುಂಗಡ ಕೊಟ್ಟಿದ್ದರು. ಕಾಗದಪತ್ರಗಳನ್ನು ತೆಗೆಸಿದ ಮೇಲೆ ತಿಳಿದುದೇನೆಂದರೆ, ತೋರಿಸಿದ ಚಕ್ಕುಬಂದಿಯೊಳಗೆ ಒಂದು ಎಕರೆ ಸೊಪ್ಪಿನಬೆಟ್ಟ; ಮಾರುವವರ ಇಬ್ಬರು ಸಹೋದರಿಯರಿಗೆ ಈ ವ್ಯವಹಾರದ ಸುಳಿವೇ ಇರಲಿಲ್ಲ. “ಗುರುಗಳೇ, ಅವನು ನಮ್ಮ ಪರವೆಂದೇ ನಂಬಿದ್ದೆವು” ಎಂದರು ಆ ತಾಯಿ. ಆ ಮಾತೇ ಈ ತಿಂಗಳ ಲೇಖನಕ್ಕೆ ಕಾರಣ.

ದಲ್ಲಾಳಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಡಿಕೆ ಮಾರುಕಟ್ಟೆಯಲ್ಲಿ ಬೆಳೆಗಾರನಿಗೂ ಖರೀದಿದಾರನಿಗೂ ನಡುವೆ ಮಂಡಿಯವರು ತಲೆತಲಾಂತರದಿಂದ ನಿಂತಿದ್ದಾರೆ. ಅರಿಯದ ಊರಿನಲ್ಲಿ ತೋಟ ಅರಸುವವನಿಗೆ ಊರು ಬಲ್ಲವನೊಬ್ಬ ಬೇಕೇ ಬೇಕು. ಆದರೆ ಅವನು ಯಾರ ಪರವಾಗಿ ನಿಂತಿದ್ದಾನೆಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ನಮ್ಮ ಸಾಗರ ಸೀಮೆಯವರಿಗೆ ನೌಕೆಯೆಂದರೆ ಹೊಳೆಬಾಗಿಲಿನ ಲಾಂಚು. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ ಸಿಗಂದೂರಿಗೆ ಅದೇ ದಾರಿಯಾಗಿತ್ತು. ಕೋಟ್ಯಧೀಶರು ಕೊಳ್ಳುವ ವಿಹಾರನೌಕೆಗಳ ಲೋಕ ಬೇರೆ. ಅಲ್ಲಿಯೂ ದಲ್ಲಾಳಿಯಿದ್ದಾನೆ. ಸಾಮಾನ್ಯವಾಗಿ ಮಾರಾಟದ ಬೆಲೆಯ ಶೇಕಡಾ 10ರಷ್ಟು ದಲಾಲಿಯನ್ನು ಮಾರುವವನೇ ಕೊಡುತ್ತಾನೆ. ಆದುದರಿಂದ ತಿಳಿದವರು ತಮ್ಮ ಪರವಾಗಿ ಬೇರೊಬ್ಬ ದಲ್ಲಾಳಿಯನ್ನು ನೇಮಿಸಿಕೊಳ್ಳುತ್ತಾರೆ. ನೌಕೆಯ ಪರೀಕ್ಷೆಗೆ ಇಬ್ಬರಿಗೂ ಸೇರದ ತಜ್ಞನನ್ನು ಕರೆಸುತ್ತಾರೆ. ಹಣ ತೆರುವ ಮುನ್ನ ನೌಕೆಯನ್ನು ನೀರಿನಲ್ಲಿ ಓಡಿಸಿ ನೋಡುತ್ತಾರೆ. ವಿಜಯ ಮಲ್ಯ ಅವರ ಹೆಸರಿನೊಡನೆ ಪ್ರಸಿದ್ಧವಾಗಿದ್ದ 95 ಮೀಟರ್ ಉದ್ದದ ‘ಇಂಡಿಯನ್ ಎಂಪ್ರೆಸ್’ ನೌಕೆಯನ್ನು ಸಿಬ್ಬಂದಿಯ ಸಂಬಳದ ಬಾಕಿಗಾಗಿ 2018ರಲ್ಲಿ ಮಾಲ್ಟಾದಲ್ಲಿ ತಡೆಹಿಡಿಯಲಾಯಿತು. ಕಡೆಗೆ ನ್ಯಾಯಾಲಯದ ಮೂಲಕ ಅದು 3.5 ಕೋಟಿ ಯೂರೋಗಳಿಗೆ ಮಾರಾಟವಾಯಿತು. ನಾವಿಕರ ಸಂಬಳದ ಋಣ ಒಡೆಯನಿಗಷ್ಟೇ ಅಲ್ಲ, ನೌಕೆಗೂ ಅಂಟಿರುತ್ತದೆಂಬುದು ಸಮುದ್ರದ ಕಾನೂನು.

ತೋಟದ ಸ್ಥಿತಿಯೂ ಹಾಗೆಯೇ. ಮಣ್ಣಿಗೆ ಅಂಟಿದ ಋಣ ಕೊಂಡವನ ಬೆನ್ನು ಹತ್ತುತ್ತದೆ. ಆದ ಕಾರಣ ದಲ್ಲಾಳಿ ಎಷ್ಟೇ ಸಜ್ಜನನಾಗಿದ್ದರೂ ಕೆಲವು ಸಂಗತಿಗಳನ್ನು ನಾವೇ ನೋಡತಕ್ಕದ್ದು.

ಮೊದಲನೆಯದು ಪಹಣಿ. ಅದರ 11ನೆಯ ಕಾಲಮಿನಲ್ಲಿ ಸೊಸೈಟಿಯ, ಬ್ಯಾಂಕಿನ ಸಾಲಗಳು ನಮೂದಾಗಿರುತ್ತವೆ. ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುವುದರಿಂದ ಎರಡನ್ನೂ ಜೊತೆಗಿಟ್ಟು ಓದಬೇಕು. ಎರಡನೆಯದು ಅಳತೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದಲ್ಲಿಯೇ ಭೂಮಿಯನ್ನು ಅಳೆಯಿಸಿ, ಫಲವನ್ನು ನೋಡಿ ‘ಶಿಸ್ತು’ ನಿಗದಿಪಡಿಸಿದ ಸೀಮೆ ನಮ್ಮದು. ಇಲ್ಲಿಯೇ ಕಣ್ಣಳತೆಯನ್ನು ನಂಬಿ ಹಣ ತೆರುವುದು ಶೋಭೆಯಲ್ಲ. ಸೊಪ್ಪಿನಬೆಟ್ಟವಂತೂ ತೋಟಕ್ಕೆ ಸೊಪ್ಪು, ತರಗೆಲೆ ತರಲು ಬಿಟ್ಟ ಸವಲತ್ತೇ ಹೊರತು ಮಾರತಕ್ಕ ಸ್ವತ್ತಲ್ಲ.

ಮೂರನೆಯದು ಹಕ್ಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಅವರ ಒಪ್ಪಿಗೆಯಿಲ್ಲದ ಕ್ರಯಪತ್ರ ನಾಳಿನ ವ್ಯಾಜ್ಯ. ಅಷ್ಟೇ ಅಲ್ಲ, ಒಂದು ಮನೆಯ ಮಗಳಿಗೆ ಮಾಡುವ ಅನ್ಯಾಯವೂ ಹೌದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯನ್ನು 1978ರ ಅಧಿನಿಯಮದಂತೆ ಸರಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ.

ನಾಲ್ಕನೆಯದು ತೋಟವೇ. ದಲ್ಲಾಳಿ ಸಾಮಾನ್ಯವಾಗಿ ಗೊನೆ ತುಂಬಿದ ಕಾಲದಲ್ಲಿ ಕರೆದೊಯ್ಯುತ್ತಾನೆ. ಆಷಾಢದ ಮಳೆಯಲ್ಲಿ ಒಮ್ಮೆ ಹೋಗಿ ಬಸಿಗಾಲುವೆ ಹರಿಯುತ್ತಿದೆಯೇ, ಕೊಳೆರೋಗ ಎಷ್ಟಿದೆ ಎಂದು ನೋಡಿರಿ. ಚೈತ್ರದ ಬಿಸಿಲಿನಲ್ಲಿ ಮತ್ತೊಮ್ಮೆ ಹೋಗಿ ಬಾವಿಗೆ ಇಣುಕಿರಿ. ಇತ್ತೀಚಿನ ವರ್ಷಗಳಲ್ಲಿ ಈ ಮೂರೂ ತಾಲ್ಲೂಕುಗಳನ್ನು ಕಾಡಿರುವ ಎಲೆಚುಕ್ಕೆ ರೋಗವನ್ನು ಗುರುತಿಸಲು ಅನುಭವಸ್ಥ ಬೆಳೆಗಾರರೊಬ್ಬರು ಜೊತೆಗಿರಲಿ. ನೌಕೆಯನ್ನು ನೀರಿಗಿಳಿಸಿ ನೋಡುವುದೆಂದರೆ ನಮ್ಮಲ್ಲಿ ಇದೇ.

ಇನ್ನು ದಲಾಲಿಯ ಮಾತು. ಎಷ್ಟು, ಯಾವಾಗ, ಯಾರಿಂದ ಎಂಬುದನ್ನು ಬರಹದಲ್ಲಿಡಿರಿ. ಎರಡೂ ಕಡೆಯಿಂದ ಪಡೆಯುವುದಾದರೆ ಅದು ಇಬ್ಬರಿಗೂ ತಿಳಿದಿರಬೇಕು. ನಮ್ಮ ಪರವಾಗಿ ನೇಮಕಗೊಂಡವನು ನಮಗೆ ತಿಳಿಸದೆ ಆ ವ್ಯವಹಾರದಲ್ಲಿ ತನಗಾಗಿ ಲಾಭ ಮಾಡಿಕೊಂಡರೆ ಅದನ್ನು ಕೇಳುವ ಹಕ್ಕನ್ನು 1872ರ ಭಾರತೀಯ ಕರಾರು ಅಧಿನಿಯಮದ 216ನೆಯ ಕಲಮು ಕೊಟ್ಟಿದೆ. ಮುಂಗಡವನ್ನು ದಲ್ಲಾಳಿಯ ಕೈಗೆ ನಗದಾಗಿ ಕೊಡದೆ, ಕರಾರುಪತ್ರವಾದ ಮೇಲೆ ಮಾರುವವರ ಖಾತೆಗೇ ಸಲ್ಲಿಸತಕ್ಕದ್ದು. ಪತ್ರಗಳನ್ನು ನೋಡುವ ವಕೀಲರು ದಲ್ಲಾಳಿ ತೋರಿಸಿಕೊಟ್ಟವರಾಗಿರಬಾರದು.

ಆ ದಂಪತಿಗಳ ವಿಷಯ ಹಿರಿಯರ ಸಮ್ಮುಖದಲ್ಲಿ ಇತ್ಯರ್ಥಕ್ಕೆ ಬಂದು, ಮುಂಗಡದ ಅರ್ಧದಷ್ಟು ಹಿಂದಿರುಗಿದೆ. ಉಳಿದುದಕ್ಕೆ ಇನ್ನೂ ಕಾಯುತ್ತಿದ್ದಾರೆ. ಮೊನ್ನೆ ಬಂದಾಗ ಬೇರೊಂದು ತೋಟದ ಪಹಣಿಯನ್ನು ಕೈಯಲ್ಲಿ ಹಿಡಿದಿದ್ದರು. “ಈ ಸಲ ಮೊದಲು ಕಾಗದ, ಆಮೇಲೆ ತೋಟ” ಎಂದರು ಆ ತಾಯಿ. ಕಷ್ಟಾರ್ಜಿತವನ್ನು ಕಾಯುವುದೂ ಕಾಯಕವೇ ಅಲ್ಲವೇ? ನಂಬುವುದು ದೊಡ್ಡ ಗುಣ. ನೋಡಿ ನಂಬುವುದು ಗೃಹಸ್ಥನ ಧರ್ಮ.