ಚಳಿ ಸೀಮೆಯ ಬೀಜ, ನಿಮ್ಮ ಹೆಸರಿನ ಪಹಣಿ



ಕಳೆದ ಮುಂಗಾರಿನಲ್ಲಿ ಮತ್ತೋಡು ಕಡೆಯ ರೈತರೊಬ್ಬರು ಬಂದು ನನ್ನ ಮೇಜಿನ ಮೇಲೆ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದರು. "ಸಾಹೇಬ್ರೇ, ಇದು ಚಳಿ ಸೀಮೆಯ ಸೆಣಬಂತೆ. ಗಿಡ ಕುಳ್ಳು, ತೊಗರಿ ಸಾಲಿನ ಮಧ್ಯೆ ಹಾಕಿದ್ರೆ ಯಾರಿಗೂ ಕಾಣೋದಿಲ್ಲವಂತೆ. ಬೀಜ, ಗೊಬ್ಬರ, ಮುಂಗಡ ಎಲ್ಲ ಅವರದೇ, ಜಮೀನು ಮಾತ್ರ ನಮ್ಮದು" ಎಂದರು. "ಸೆಣಬೇ ಆದರೆ ಯಾರಿಗೂ ಕಾಣಬಾರದೇಕೆ ಯಜಮಾನ್ರೇ?" ಎಂದೆ. ಅವರು ತಲೆ ತಗ್ಗಿಸಿದರು. ಅದು ಭಂಗಿ ಬೀಜ, ಅಂದರೆ ಗಾಂಜಾ.

ಹೆಸರಿನ ಗೊಂದಲದಲ್ಲಿ ಮೋಸ ಹೋಗುವವರಿದ್ದಾರೆ, ಆದ್ದರಿಂದ ಇದನ್ನು ಮೊದಲು ತಿಳಿಯಿರಿ. ಹಸಿರೆಲೆ ಗೊಬ್ಬರಕ್ಕೆ ನಾವು ಬಿತ್ತುವ ಸೆಣಬು ಹಳದಿ ಹೂವಿನ, ಕಾಯಿ ಕಟ್ಟುವ ದ್ವಿದಳ ಜಾತಿ. ಹೊಲದ ಅಂಚಿನ ಪುಂಡಿಯ ಎಲೆ ಗಾಂಜಾ ಎಲೆಯನ್ನು ಹೋಲುವುದು ನಿಜ; ಸಸ್ಯಶಾಸ್ತ್ರಜ್ಞರು ಅದಕ್ಕೆ 'ಕ್ಯಾನಬಿನಸ್' ಎಂದು ಹೆಸರಿಟ್ಟದ್ದೂ ಅದಕ್ಕಾಗಿಯೇ. ಆದರೆ ಪುಂಡಿ ಎಲೆಯನ್ನು ಬಾಯಿಗೆ ಹಾಕಿದರೆ ಹುಳಿ, ಬೀಜ ಮೂಲೆ ಮೂಲೆಯಾಗಿರುತ್ತದೆ. ಗಾಂಜಾ ಬೀಜ ದುಂಡಗೆ, ಬೂದು ಬಣ್ಣ, ಮೇಲೆ ಚಿತ್ತಾರದಂಥ ಗೆರೆ. ಸೆಣಬು, ಪುಂಡಿ ಎರಡನ್ನೂ ಧೈರ್ಯವಾಗಿ ಬೆಳೆಯಿರಿ, ಯಾವ ಅಡ್ಡಿಯೂ ಇಲ್ಲ.

ಇನ್ನು ಆ 'ಚಳಿ ಸೀಮೆಯ ಕುಳ್ಳ ತಳಿ'ಯ ವಿಚಾರ. 1785ರಲ್ಲಿ ಲಾಮಾರ್ಕ್ ಎಂಬ ಫ್ರೆಂಚ್ ವಿಜ್ಞಾನಿ ಭಾರತದಿಂದ ಹೋದ ಮಾದರಿಗಳನ್ನು ನೋಡಿ 'ಇಂಡಿಕಾ' ಎಂದು ಹೆಸರಿಟ್ಟ. ಇಂದು ವ್ಯಾಪಾರಿಗಳು ಅದೇ ಹೆಸರಿನಿಂದ ಕರೆಯುವುದು ಹಿಂದೂಕುಷ್ ಪರ್ವತದ ಕಡೆಯ ಅಗಲ ಎಲೆಯ, ಗಿಡ್ಡ ಗಿಡವನ್ನು. ಬೇಸಿಗೆಯಲ್ಲಿ ಹಗಲು ಹದಿನಾಲ್ಕೂವರೆ ಗಂಟೆ ಇರುವ ಸೀಮೆ ಅದು. ಅಲ್ಲಿ ಗಿಡ ಉದ್ದ ಹಗಲಿನಲ್ಲಿ ಬೆಳೆದು, ರಾತ್ರಿ ಉದ್ದವಾದಾಗ ಹೂ ಬಿಟ್ಟು, ಹಿಮ ಬೀಳುವ ಮೊದಲೇ ಬಲಿಯುತ್ತದೆ. ಹೊಸದುರ್ಗ ಸೀಮೆಯಲ್ಲಿ ಜೂನ್ ತಿಂಗಳಲ್ಲೂ ಹಗಲು ಹದಿಮೂರು ಗಂಟೆ ದಾಟುವುದಿಲ್ಲ. ಅಂಥ ಬೀಜ ಇಲ್ಲಿ ಬೆಳೆಯುವ ಮೊದಲೇ ಹೂವಿಗೆ ಬರುತ್ತದೆ, ಒತ್ತಾದ ತೆನೆಗೆ ಮಳೆ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಉತ್ತರದ ನಾರಿನ ತಳಿಯನ್ನು ತಂದರೂ ಇದೇ ಪಾಡು: ಬೇಗ ಹೂ, ಗಿಡ್ಡ ದಂಟು, ನಾರು ಕಡಿಮೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕೋಚವೂ ಆಗುತ್ತದೆ. ಚೆನ್ನಾಗಿ ಬರುವ ತಳಿಯಾದರೆ ಹಾಕಬಹುದೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು.

ಏಕೆಂದರೆ 1985ರ ಮಾದಕ ವಸ್ತು ಕಾಯಿದೆ ತಳಿ ಕೇಳುವುದಿಲ್ಲ, ಗುಂಟೆಯ ಲೆಕ್ಕವನ್ನೂ ಕೇಳುವುದಿಲ್ಲ. 20ನೇ ಕಲಮಿನಂತೆ ಗಾಂಜಾ ಗಿಡ ಬೆಳೆದವರಿಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಗೊತ್ತಿದ್ದೂ ಜಮೀನು ಬಿಟ್ಟುಕೊಟ್ಟ ಮಾಲೀಕನಿಗೂ ಅದೇ ಕಾಯಿದೆಯ 25ನೇ ಕಲಮಿದೆ. 46ನೇ ಕಲಮಂತೂ ನಮ್ಮ ಹಳ್ಳಿಗಳಲ್ಲಿ ಬಹುಮಂದಿಗೆ ಗೊತ್ತೇ ಇಲ್ಲ: ತನ್ನ ಜಮೀನಿನಲ್ಲಿ ಇಂಥ ಗಿಡ ಬೆಳೆದಿರುವುದು ಗೊತ್ತಾದ ಕೂಡಲೇ ಪೊಲೀಸರಿಗೆ ತಿಳಿಸುವುದು ಭೂಹಿಡುವಳಿದಾರನ ಕರ್ತವ್ಯ, ಸುಮ್ಮನಿದ್ದರೆ ಅದೇ ಅಪರಾಧ. "ನನಗೆ ಗೊತ್ತಿರಲಿಲ್ಲ" ಎನ್ನುವುದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವ ಹೊರೆಯೂ ಆರೋಪಿಯದೇ. ಇಂಥದ್ದು ಗಮನಕ್ಕೆ ಬಂದರೆ ನನ್ನಂಥ ಸರ್ಕಾರಿ ನೌಕರರೂ ಪಂಚಾಯಿತಿಯವರೂ ತಿಳಿಸಲೇಬೇಕೆಂದು 47ನೇ ಕಲಮು ಹೇಳುತ್ತದೆ. ಆ ರೈತರಿಗೂ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ.

2020ರ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಬಳಿ ಎಕರೆಗಟ್ಟಲೆ ಗಾಂಜಾ ಪತ್ತೆಯಾದದ್ದು ನಿಮಗೆ ನೆನಪಿರಬಹುದು. ಬೀಜ ಹಂಚುವವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಪಹಣಿಯಲ್ಲಿರುವುದು ನಿಮ್ಮ ಹೆಸರು. ಮಳೆ ಕೈಕೊಟ್ಟು, ಶೇಂಗಾ ಸೊರಗಿ, ಸೊಸೈಟಿ ಸಾಲ ಬಾಕಿ ಇರುವ ಮನೆಯನ್ನೇ ಅವನು ಹುಡುಕಿಕೊಂಡು ಬರುತ್ತಾನೆ. ಅನುಕೂಲಸ್ಥರ ಬಾಗಿಲಿಗೆ ಹೋಗುವುದಿಲ್ಲ.

ಉತ್ತರಾಖಂಡದಲ್ಲಿ 2018ರಿಂದ ಪರವಾನಗಿಯ ಮೇಲೆ, ಅಮಲು ತೀರಾ ಕಡಿಮೆ ಇರುವ ನಾರಿನ ತಳಿಗೆ ಅವಕಾಶ ಕೊಟ್ಟಿದ್ದಾರೆ ಎಂಬ ಮಾತನ್ನೂ ಇವರು ಬಳಸಿಕೊಳ್ಳುತ್ತಾರೆ. ಅದು ಆ ರಾಜ್ಯದ ಪರವಾನಗಿ. ಮತ್ತೋಡಿನ ಹೊಲಕ್ಕೆ ಅನ್ವಯಿಸುವುದಿಲ್ಲ.

ಜಮೀನನ್ನು ಗುತ್ತಿಗೆಗೋ ವಾರಕ್ಕೋ ಕೊಟ್ಟು ಬೆಂಗಳೂರು ಸೇರಿರುವವರಿಗೆ ಇನ್ನೊಂದು ಮಾತು. ಯಾವ ಬೆಳೆ ಎಂದು ಕರಾರಿನಲ್ಲಿ ಬರೆಸಿ. ತೊಗರಿ, ಮೆಕ್ಕೆಜೋಳ ಎದೆಯೆತ್ತರ ಬಂದಾಗ ಬದುವಿನ ಮೇಲೆ ನಿಂತು ನೋಡಿದರೆ ಸಾಲದು, ಸಾಲಿನೊಳಗೆ ನಡೆದು ನೋಡಿ. ಸಂಶಯದ ಗಿಡ ಕಂಡರೆ ಕಿತ್ತು ಮನೆಗೆ ತರಬೇಡಿ, ಸುಡಲೂ ಬೇಡಿ. ಇದ್ದಲ್ಲೇ ಬಿಟ್ಟು ಅದೇ ದಿನ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಪೊಟ್ಟಣ ತಂದಿದ್ದ ರೈತರು ಮುಂಗಡವನ್ನು ವಾಪಸು ಕೊಟ್ಟರು. ಆ ವರ್ಷ ರಾಗಿಯ ಅಕ್ಕಡಿ ಸಾಲಿಗೆ ಅವರೆ ಹಾಕಿದ್ದರು. ಸಾಲ ಇನ್ನೂ ತೀರಿಲ್ಲ, ಆದರೆ ಸಂಕ್ರಾಂತಿಗೆ ಒಂದು ಚೀಲ ಸೊಗಡಿನ ಅವರೆಕಾಯಿ ನಮ್ಮ ಕಚೇರಿಗೆ ಬಂತು.