ಮಳಿಗೆಗೆ ಅನುಮತಿ, ವಾಹನಕ್ಕೆ ಬೀದಿ

ದಿನಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಸಣ್ಣ ಅಕ್ಷರಗಳ ಪ್ರಕಟಣೆಯೊಂದು ಕಾಣಿಸಿಕೊಳ್ಳುತ್ತದೆ. ಇಂಥ ಸರ್ವೆ ನಂಬರಿನ ಇಷ್ಟು ಗುಂಟೆ ಜಾಗವನ್ನು ವಸತಿಯಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸುವಂತೆ ಕೋರಿಕೆ ಬಂದಿದೆ, ಆಕ್ಷೇಪಣೆಗಳಿದ್ದರೆ ಗಡುವಿನೊಳಗೆ ಸಲ್ಲಿಸಬೇಕು ಎಂಬುದು ಅದರ ಸಾರ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಮಿನನ್ವಯ ಈ ಪ್ರಕಟಣೆ ಕಡ್ಡಾಯ. ಅದನ್ನು ಓದುವವರು ವಿರಳ. ಓದಿ ಆಕ್ಷೇಪಣೆ ಬರೆಯುವವರು ಇನ್ನೂ ವಿರಳ. ಕಟ್ಟಡ ಮೇಲೆದ್ದು, ಮನೆಯ ಗೇಟಿಗೆ ಅಡ್ಡವಾಗಿ ಅಪರಿಚಿತರ ಕಾರು ನಿಂತ ದಿನ ಮಾತ್ರ ಎಲ್ಲರೂ ಸಂಚಾರ ಪೊಲೀಸರನ್ನು ದೂರುತ್ತಾರೆ. ಬೆಂಗಳೂರಿನ ಜಯನಗರವಿರಲಿ, ದಾವಣಗೆರೆ ಜಿಲ್ಲೆಯ ನ್ಯಾಮತಿಯಿರಲಿ, ವಾಹನ ನಿಲುಗಡೆಯ ಸಮಸ್ಯೆ ಹುಟ್ಟುವುದು ರಸ್ತೆಯಲ್ಲಲ್ಲ, ಅನುಮತಿ ನೀಡುವ ಕಚೇರಿಯ ಕಡತದಲ್ಲಿ.

ಲೆಕ್ಕ ಸರಳವಾಗಿದೆ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ತಿರುಗಿಸುವ ದಾರಿಯೂ ಸೇರಿದರೆ ಅದರ ಸುಮಾರು ಎರಡರಷ್ಟು. ಎರಡು ಸಂಸಾರಗಳಿದ್ದ ನಿವೇಶನದಲ್ಲಿ ನಾಲ್ಕಂತಸ್ತಿನ ವಾಣಿಜ್ಯ ಸಂಕೀರ್ಣ ಎದ್ದರೆ ಬಂದುಹೋಗುವವರ ಸಂಖ್ಯೆ ನೂರಾರು ಪಟ್ಟು ಹೆಚ್ಚಬಹುದು. ಬೀದಿಯ ಅಗಲ ಮಾತ್ರ ಒಂದಡಿಯೂ ಹೆಚ್ಚುವುದಿಲ್ಲ.

ರಾಜಧಾನಿಯ ಅನುಭವವನ್ನೇ ನೋಡಬಹುದು. 2007ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ ವಸತಿ ಪ್ರದೇಶಗಳಲ್ಲಿ ಮಿಶ್ರ ಬಳಕೆಗೆ ಬಾಗಿಲು ತೆರೆಯಿತು. ಕೋರಮಂಗಲ, ಇಂದಿರಾನಗರದ ನಿವಾಸಿಗಳು ಪ್ರತಿಭಟಿಸಿದರು. ಹೊಸ ಕಟ್ಟಡಗಳಿಗೆ ನಿಲುಗಡೆಯ ನಿಯಮವೇನೋ ಇತ್ತು. ನಕ್ಷೆಗಳಲ್ಲಿ ನೆಲಮಾಳಿಗೆಗಳು ಅಚ್ಚುಕಟ್ಟಾಗಿ ಮೂಡಿದವು. ಆಮೇಲೆ ಅಲ್ಲಿ ಕಾರುಗಳ ಬದಲು ಗೋದಾಮು, ಜೆರಾಕ್ಸ್ ಅಂಗಡಿ, ಟ್ಯೂಷನ್ ತರಗತಿಗಳು ಬಂದವು. ಇದು ಬರೀ ಅನನುಕೂಲದ ಮಾತಲ್ಲ. 2024ರ ಜುಲೈನಲ್ಲಿ ದೆಹಲಿಯ ಹಳೇ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ವಾಹನ ನಿಲುಗಡೆ ಮತ್ತು ದಾಸ್ತಾನಿಗೆಂದು ಅನುಮತಿ ಪಡೆದಿದ್ದ ಆ ಜಾಗದಲ್ಲಿ ಗ್ರಂಥಾಲಯ ನಡೆಯುತ್ತಿತ್ತು.

ಉಲ್ಲಂಘನೆಯನ್ನು ತಡೆಯಬೇಕಾದ ಸರ್ಕಾರವೇ ಅದಕ್ಕೆ ದರ ನಿಗದಿಪಡಿಸಲು ಹೊರಟದ್ದು ನಮ್ಮ ವಿಪರ್ಯಾಸ. ಅಕ್ರಮ-ಸಕ್ರಮದ 2014ರ ನಿಯಮಗಳು ವಸತಿ ಕಟ್ಟಡಗಳಲ್ಲಿ ಶೇ 50, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಗೆ ದಂಡ ಕಟ್ಟಿಸಿಕೊಂಡು ಕಣ್ಣುಮುಚ್ಚಲು ಅವಕಾಶ ನೀಡಿದವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಯಥಾಸ್ಥಿತಿಗೆ ಆದೇಶಿಸಿದ್ದರಿಂದ ಯೋಜನೆ ನಿಂತಿತು. ಇವತ್ತಲ್ಲ ನಾಳೆ ಸಕ್ರಮವಾದೀತು ಎಂಬ ನಿರೀಕ್ಷೆ ಕಟ್ಟುವವರ ಮನಸ್ಸಿನಿಂದ ಹೋಗಲಿಲ್ಲ.

ಬಹುಮಹಡಿ ನಿಲುಗಡೆ ಕಟ್ಟಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಒಂದು ಕಾಲಕ್ಕೆ ಸೆಂಟ್ರಲ್ ಜೈಲಾಗಿದ್ದ ಫ್ರೀಡಂ ಪಾರ್ಕಿನ ಆವರಣದಲ್ಲಿ 2024ರಲ್ಲಿ ಅಂಥದ್ದೊಂದು ತೆರೆದುಕೊಂಡಿತು. ಐನೂರಕ್ಕೂ ಹೆಚ್ಚು ಕಾರುಗಳಿಗೆ ಅಲ್ಲಿ ಸ್ಥಳವಿದೆ. ಸುತ್ತಲಿನ ಗಾಂಧಿನಗರದ ಬೀದಿಗಳಲ್ಲಿ ಬಿಟ್ಟಿಯಾಗಿ ನಿಲ್ಲಿಸಬಹುದಾದಾಗ ದುಡ್ಡು ಕೊಟ್ಟು ಒಳಗೆ ಹೋಗುವವರು ಯಾರು? ಬೀದಿಯ ಅಂಚಿಗೂ ಬೆಲೆಯಿರಬೇಕೆಂಬ ನಿಲುಗಡೆ ನೀತಿಗೆ ಸರ್ಕಾರ 2021ರಲ್ಲೇ ಒಪ್ಪಿಗೆ ನೀಡಿತ್ತು.

ಬೆಂಗಳೂರಿಗೆ ತಡವಾಯಿತು ಎನ್ನೋಣ. ನ್ಯಾಮತಿಗೆ ಇನ್ನೂ ತಡವಾಗಿಲ್ಲ. ಹೊನ್ನಾಳಿ ತಾಲ್ಲೂಕಿನ ಭಾಗವಾಗಿ 1997ರಲ್ಲಿ ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಸೇರಿದ ಈ ಊರು 2018ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ತಾಲ್ಲೂಕು ಕಚೇರಿ ಬಂದಲ್ಲಿಗೆ ಪತ್ರ ಬರಹಗಾರರು, ಬ್ಯಾಂಕು, ಗೊಬ್ಬರದ ಅಂಗಡಿ, ಅವುಗಳ ಬೆನ್ನಿಗೆ ಬೈಕು, ಟ್ರ್ಯಾಕ್ಟರ್, ಗೂಡ್ಸ್ ಆಟೋ ಬರುತ್ತವೆ. ಮೆಕ್ಕೆಜೋಳ, ಅಡಿಕೆಯ ಹಣ ಕೈಗೆ ಬಂದ ಕಾಲದಲ್ಲಿ ಪೇಟೆಯ ಬೀದಿಯಲ್ಲಿ ಆಂಬುಲೆನ್ಸಿಗೂ ದಾರಿ ಸಿಗದ ಸ್ಥಿತಿ ಇಂಥ ಊರುಗಳಿಗೆ ಹೊಸದಲ್ಲ. ಕೃಷಿ ಜಮೀನನ್ನು ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ ಮಾಡಿಸಿಕೊಂಡರೆ ಎಲ್ಲ ಮುಗಿಯಿತೆಂದು ನಂಬುವವರು ಅಲ್ಲಿ ಬಹಳ. ಆ ಆದೇಶದಲ್ಲಿ ರಸ್ತೆಯ ಧಾರಣಶಕ್ತಿಯ ಲೆಕ್ಕವಿರುವುದಿಲ್ಲ.

ಹಾಗೆಂದು ವಾಣಿಜ್ಯವನ್ನೇ ತಡೆಯಿರಿ ಎನ್ನುವುದು ಸರಿಯಲ್ಲ. ತಮ್ಮ ಬೀದಿಯ ಪ್ರಶಾಂತತೆಗಾಗಿ ಮಾತ್ರ ನಿಲುಗಡೆಯ ನೆಪ ಹೇಳುವವರೂ ಇದ್ದಾರೆ. ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಕಿರಾಣಿ ಅಂಗಡಿ ಇಡುವವನಿಗೆ ನೆಲಮಾಳಿಗೆ ತೋಡು ಎನ್ನುವುದು ಕ್ರೌರ್ಯ. ಅವನು ಸುಳ್ಳು ನಕ್ಷೆ ಕೊಡುತ್ತಾನೆ, ಅಷ್ಟೇ. ಅವನಿಂದ ಶುಲ್ಕ ಪಡೆದು, ಆ ಹಣವನ್ನು ಬೇರೆಡೆ ಕರಗಿಸದೆ ಸಾಮೂಹಿಕ ನಿಲುಗಡೆಗೆ ಮೀಸಲಿಡುವುದು ಮೇಲು. ದೊಡ್ಡ ಸಂಕೀರ್ಣಗಳ ವಿಷಯದಲ್ಲಿ ಮಾತ್ರ ರಿಯಾಯಿತಿ ಸಲ್ಲದು. ನೆಲಮಾಳಿಗೆಯಲ್ಲಿ ವಾಹನ ನಿಲ್ಲುತ್ತಿದೆಯೇ ಎಂದು ಖುದ್ದು ನೋಡದೆ ಸ್ವಾಧೀನಾನುಭವ ಪತ್ರ ಕೊಡಬಾರದು. ಮಳಿಗೆಯ ವ್ಯಾಪಾರ ಪರವಾನಗಿ ನವೀಕರಿಸುವಾಗಲೆಲ್ಲ ಮತ್ತೆ ನೋಡಬೇಕು.

ನಾಗರಿಕರ ಆಕ್ಷೇಪಣೆಗೆ ಬೆಲೆಯಿಲ್ಲವೆಂಬ ನಿರಾಸೆಗೂ ಕಾರಣವಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಒಪ್ಪಲಿಲ್ಲ. ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂದಿತು. ಅದಕ್ಕೆ ಅವರು ವರ್ಷಗಟ್ಟಲೆ ಕಾಯಬೇಕಾಯಿತು ಎಂಬುದೂ ನಿಜ. ಪ್ರಕಟಣೆ ಬಂದ ವಾರವೇ ಒಂದು ಅರ್ಜಿ ಬರೆದು, ಈ ಕಟ್ಟಡಕ್ಕೆ ಎಷ್ಟು ವಾಹನ ಬರುತ್ತವೆ, ಅವು ಎಲ್ಲಿ ನಿಲ್ಲುತ್ತವೆ, ರಸ್ತೆ ಎಷ್ಟು ಅಡಿಯದು ಎಂದು ಲಿಖಿತ ಉತ್ತರ ಕೇಳುವುದಕ್ಕೆ ವಕೀಲರೂ ಬೇಕಿಲ್ಲ.