ಜಕಾರ್ತದ ಚಿನ್ನದಿಂದ ಮಡಗಾಂವ್‌ನ ಸೋಲಿನವರೆಗೆ: ಭಾರತದ ಫುಟ್‌ಬಾಲ್ ಕಳೆದುಕೊಂಡದ್ದೇನು?

ಬೆಂಗಳೂರು: ಗೋವಾದ ಮಡಗಾಂವ್‌ನಲ್ಲಿ 2025ರ ಅಕ್ಟೋಬರ್ 14ರಂದು ನಡೆದ ಪಂದ್ಯದಲ್ಲಿ ಮೊದಲ ಗೋಲು ಗಳಿಸಿದ್ದು ಭಾರತವೇ. ಆದರೆ ಪಂದ್ಯ ಮುಗಿದಾಗ ಸಿಂಗಪುರ 2-1ರಿಂದ ಗೆದ್ದಿತ್ತು. ಆ ಒಂದು ಸೋಲಿನೊಡನೆ 2027ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯಲಿರುವ ಏಷ್ಯಾ ಕಪ್‌ನ ಬಾಗಿಲು ಭಾರತಕ್ಕೆ ಮುಚ್ಚಿತು. 24 ತಂಡಗಳಿಗೆ ಅವಕಾಶವಿರುವ ಟೂರ್ನಿಯದು. ಮುಂದಿನ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0-1ರ ಸೋಲು. ಆ ನೆರೆಯ ದೇಶದ ಎದುರು 2003ರ ನಂತರ ಭಾರತ ಸೋತದ್ದು ಅದೇ ಮೊದಲು. ಅದರ ಬೆನ್ನಿಗೇ ಫಿಫಾ ಶ್ರೇಯಾಂಕದಲ್ಲಿ ತಂಡ 142ನೇ ಸ್ಥಾನಕ್ಕೆ ಇಳಿಯಿತು.

ಇಂಥ ಸೋಲುಗಳಾದಾಗಲೆಲ್ಲ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಹಳೆಯ ವೈಭವದ ನೆನಪು ಮರುಕಳಿಸುತ್ತದೆ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ. ಜತೆಗೆ ಬರಿಗಾಲಿನ ಕಥೆ ಇದ್ದೇ ಇದೆ. ಬೂಟಿಲ್ಲದೆ ಆಡುತ್ತಿದ್ದ, ಹುಟ್ಟಾ ಪ್ರತಿಭೆಯ ಬಲದಿಂದಲೇ ಏಷ್ಯಾವನ್ನು ಗೆದ್ದ ಹುಡುಗರ ಕಥೆ. ಅದು ಕೇಳಲು ಇಂಪಾಗಿದೆ. ಆದರೆ ಆ ಕಥೆ ಭಾರತದ ಫುಟ್‌ಬಾಲಿಗೆ ಮಾಡಿದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಚಿನ್ನ ಗೆದ್ದ ತಂಡ ಪವಾಡದಿಂದ ಹುಟ್ಟಿದ್ದಲ್ಲ. ಅದನ್ನು ಕಟ್ಟಿದ ಒಂದು ವ್ಯವಸ್ಥೆ ಇತ್ತು, ಒಬ್ಬ ಮೇಷ್ಟ್ರಿದ್ದರು. ಇಂದು ಇಲ್ಲದಿರುವುದು ಅವೆರಡೇ.

ಬರಿಗಾಲಿನ ಲೆಕ್ಕ

ಸ್ವತಂತ್ರ ಭಾರತ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಆಡಿದ್ದು 1948ರಲ್ಲಿ, ಲಂಡನ್ನಿನಲ್ಲಿ. ನಾಗಾ ವೈದ್ಯ ತಾಲಿಮೆರೆನ್ ಆವೊ ನಾಯಕತ್ವದ ತಂಡದ ಬಹುತೇಕ ಆಟಗಾರರು ಬರಿಗಾಲಲ್ಲಿ ಕಣಕ್ಕಿಳಿದು ಫ್ರಾನ್ಸ್ ವಿರುದ್ಧ 1-2ರಿಂದ ಸೋತರು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪದೇ ಇದ್ದಿದ್ದರೆ ಫಲಿತಾಂಶ ಬೇರೆಯೇ ಆಗಬಹುದಿತ್ತು. ಭಾರತದ ಏಕೈಕ ಗೋಲು ಗಳಿಸಿದ ಸಾರಂಗಪಾಣಿ ರಾಮನ್ ಮೈಸೂರು ರಾಜ್ಯ ತಂಡದ ಆಟಗಾರರಾಗಿದ್ದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೇಶದ ಮೊತ್ತಮೊದಲ ಗೋಲು ಕನ್ನಡ ನೆಲದ ಆಟಗಾರನದು ಎಂಬ ಸಂಗತಿ ಇಲ್ಲಿನ ಎಷ್ಟು ಮಂದಿಗೆ ಗೊತ್ತು?

1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದುದಕ್ಕೆ ಫಿಫಾ ಬರಿಗಾಲಿಗೆ ಅನುಮತಿ ನೀಡಲಿಲ್ಲ ಎಂಬ ಕಾರಣವನ್ನೇ ಇಂದಿಗೂ ಹೇಳಲಾಗುತ್ತದೆ. ವಾಸ್ತವ ಹಾಗಿಲ್ಲ. ಅರ್ಹತಾ ಸುತ್ತಿನಲ್ಲಿ ಎದುರಾಳಿಗಳು ಹಿಂದೆ ಸರಿದ ಕಾರಣ ಆಡದೆಯೇ ಸ್ಥಾನ ದೊರಕಿತ್ತು. ಇಟಲಿ, ಸ್ವೀಡನ್, ಪರಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರೂ ಇತ್ತು. ಆದರೆ ಅಂದಿನ ಆಡಳಿತಗಾರರಿಗೆ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತೇ ಹೊರತು ವಿಶ್ವಕಪ್ಪಿನ ಮಹತ್ವ ಅರಿವಿಗೆ ಬರಲಿಲ್ಲ. ದೂರದ ಪಯಣ, ಅಭ್ಯಾಸಕ್ಕೆ ಸಮಯದ ಅಭಾವ ಇವೆಲ್ಲ ಜತೆಗೂಡಿ ಬ್ರೆಜಿಲ್ ಪ್ರವಾಸ ರದ್ದಾಯಿತು. ಕಚೇರಿಯ ಮೇಜಿನ ಮೇಲಾದ ತಪ್ಪಿಗೆ ಆಟಗಾರರ ಪಾದಗಳು ಅಪವಾದ ಹೊತ್ತವು.

ಬರಿಗಾಲಿನ ನಿಜವಾದ ಬೆಲೆ ತಿಳಿದದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಅಲ್ಲಿ ಯುಗೊಸ್ಲಾವಿಯ 10-1ರಿಂದ ಭಾರತವನ್ನು ಹೀನಾಯವಾಗಿ ಸೋಲಿಸಿತು. ಆ ಒಂದು ಗೋಲು ಗಳಿಸಿದ್ದು ಬೆಂಗಳೂರಿನ ಅಹ್ಮದ್ ಖಾನ್. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳು 'ಪಂಚ ಪಾಂಡವರು' ಎಂದು ಕರೆಯುತ್ತಿದ್ದ ಐವರಲ್ಲಿ ಅವರೂ ಒಬ್ಬರು. ಆ ಸೋಲಿನ ನಂತರ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಚಿನ್ನದ ಯುಗದ ಅತ್ಯುತ್ತಮ ಸಾಧನೆಗಳಾದ ಮೆಲ್ಬರ್ನ್, ಜಕಾರ್ತಗಳೆರಡೂ ಬಂದದ್ದು ಬೂಟು ತೊಟ್ಟ ಬಳಿಕವೇ ಎಂಬುದನ್ನು ಬರಿಗಾಲಿನ ಕಥೆ ಹೇಳುವವರು ಮರೆಯುತ್ತಾರೆ.

ಹೈದರಾಬಾದಿನ ಮೇಷ್ಟ್ರು

ಈ ಬದಲಾವಣೆಯ ಹಿಂದಿದ್ದವರು ಸೈಯದ್ ಅಬ್ದುಲ್ ರಹೀಂ. ವೃತ್ತಿಯಿಂದ ಶಾಲಾ ಶಿಕ್ಷಕ. ಅವರ ಮಾರ್ಗದರ್ಶನದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ರಾಷ್ಟ್ರೀಯ ತಂಡದ ಹೊಣೆ 1950ರಿಂದ 1963ರಲ್ಲಿ ಅವರು ನಿಧನರಾಗುವವರೆಗೆ ಅವರದೇ. ಹದಿಮೂರು ವರ್ಷ, ಒಬ್ಬನೇ ತರಬೇತುದಾರ. ಭಾರತದ ಕ್ರೀಡಾ ಆಡಳಿತದ ಚರಿತ್ರೆ ಬಲ್ಲವರಿಗೆ ಇದೇ ದೊಡ್ಡ ಅಚ್ಚರಿ.

ರಹೀಂ ಪದ್ಧತಿ ಸರಳವಾಗಿತ್ತು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಚಮತ್ಕಾರ ತೋರುವ ಆಟಗಾರರ ನಾಡಿನಲ್ಲಿ ಅವರು ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನು ನಡೆಸಿದರು. ದುರ್ಬಲ ಕಾಲಿನಿಂದ ಮಾತ್ರ ಆಡಬೇಕೆಂಬ ನಿಯಮದ ಪಂದ್ಯಗಳನ್ನೂ ಏರ್ಪಡಿಸಿದರು. ಯುರೋಪಿನಲ್ಲಿ ಹಂಗೇರಿ ತಂಡ ಬಳಕೆಗೆ ತಂದಿದ್ದ, ಸೆಂಟರ್ ಫಾರ್ವರ್ಡ್ ತುಸು ಹಿಂದೆ ಸರಿದು ಆಡುವ ವ್ಯೂಹವನ್ನು ಭಾರತದ ಆಟಗಾರರಿಗೆ ಒಗ್ಗಿಸಿದರು.

ಫಲ ಮೆಲ್ಬರ್ನ್‌ನಲ್ಲಿ ಕಂಡಿತು. ಹಂಗೇರಿ ಹಿಂದೆ ಸರಿದುದರಿಂದ ಭಾರತ ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿತು. ಈ ಅದೃಷ್ಟವನ್ನು ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದ್ದು ಅದೃಷ್ಟವಲ್ಲ. ನೆವಿಲ್ ಡಿಸೋಜ ಆ ಪಂದ್ಯದಲ್ಲಿ ಹ್ಯಾಟ್ರಿಕ್ ಸಾಧಿಸಿದರು. ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ಎಂಬ ಹಿರಿಮೆ ಭಾರತದ್ದಾಯಿತು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯ 4-1ರಿಂದ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯ 3-0ಯಿಂದ ಗೆದ್ದವು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದಿದ್ದ ಅದೇ ಯುಗೊಸ್ಲಾವಿಯ ಈಗ ನಾಲ್ಕಕ್ಕೆ ನಿಂತಿತ್ತು. 1960ರ ರೋಮ್‌ನಲ್ಲಿ ಪದಕದ ಮಾತಿರಲಿಲ್ಲವಾದರೂ ಫ್ರಾನ್ಸ್ ಜತೆ 1-1ರ ಡ್ರಾ ದಕ್ಕಿತು. ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ಆಡಿದ್ದು ಅದೇ ಕೊನೆ.

ಜಕಾರ್ತದ ಸಾಹಸ ಬೇರೆಯೇ ತೂಕದ್ದು. 1962ರ ಏಷ್ಯನ್ ಕ್ರೀಡಾಕೂಟಕ್ಕೆ ಇಸ್ರೇಲ್ ಮತ್ತು ತೈವಾನ್‌ಗೆ ಪ್ರವೇಶ ನಿರಾಕರಿಸಿದ್ದನ್ನು ಭಾರತೀಯ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಟೀಕಿಸಿದ್ದರಿಂದ ಇಂಡೋನೇಷ್ಯದ ಜನ ಕೆರಳಿದ್ದರು. ಭಾರತದ ಆಟಗಾರರು ಎಲ್ಲಿ ಹೋದರೂ ಘೋಷಣೆ, ಕೂಗಾಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದೆದುರು 0-2ರ ಸೋಲು. ರಹೀಂ ಆಗಲೇ ಕ್ಯಾನ್ಸರ್‌ಪೀಡಿತರು. ಅಲ್ಲಿಂದ ಥಾಯ್ಲೆಂಡ್, ಜಪಾನ್, ದಕ್ಷಿಣ ವಿಯೆಟ್ನಾಂಗಳನ್ನು ದಾಟಿ ಫೈನಲ್ ತಲುಪಿದ ತಂಡಕ್ಕೆ ಮತ್ತೆ ಎದುರಾದದ್ದು ಕೊರಿಯ. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ರಹೀಂ ಮುನ್ಪಡೆಗೆ ಕಳುಹಿಸಿದರು. ಸುಮಾರು ಒಂದು ಲಕ್ಷ ಪ್ರೇಕ್ಷಕರ ವಿರೋಧದ ನಡುವೆ ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಮತ್ತೊಂದು ಗೋಲು ಗಳಿಸಿದರು. 2-1ರ ಗೆಲುವು. ನಾಯಕ ಚುನಿ ಗೋಸ್ವಾಮಿ. ಒಂಬತ್ತು ತಿಂಗಳ ನಂತರ, 1963ರ ಜೂನ್‌ನಲ್ಲಿ ರಹೀಂ ಕೊನೆಯುಸಿರೆಳೆದರು. 2024ರಲ್ಲಿ ತೆರೆಕಂಡ 'ಮೈದಾನ್' ಹಿಂದಿ ಚಿತ್ರದ ವಸ್ತು ಇದೇ.

ಆಟಗಾರರು ಬಂದದ್ದು ಎಲ್ಲಿಂದ?

ಚಿತ್ರ ಮುಗಿಯುವುದು ಮೈದಾನದಲ್ಲಿ. ಅದಕ್ಕೂ ಹಿಂದಿನ ಪ್ರಶ್ನೆಯೊಂದಿದೆ. ಆ ಹುಡುಗರನ್ನು ರಹೀಂ ಎಲ್ಲಿಂದ ಆರಿಸಿದರು?

ಜಕಾರ್ತ ತಂಡದ ಪಟ್ಟಿಯೇ ಇದಕ್ಕೆ ಉತ್ತರ. ಪಿ.ಕೆ. ಬ್ಯಾನರ್ಜಿ ಈಸ್ಟರ್ನ್ ರೈಲ್ವೆ ಆಟಗಾರ. ಫಾರ್ಚುನಾಟೊ ಫ್ರಾಂಕೊ ಮುಂಬೈನ ಟಾಟಾ ತಂಡದವರು. ಕೇರಳದ ಒ. ಚಂದ್ರಶೇಖರ್ ಆಡುತ್ತಿದ್ದುದು ಕಾಲ್‌ಟೆಕ್ಸ್ ತೈಲ ಕಂಪನಿಗೆ. ಪೀಟರ್ ತಂಗರಾಜ್, ಯೂಸುಫ್ ಖಾನ್, ತುಳಸಿದಾಸ್ ಬಲರಾಮ್ ಹೈದರಾಬಾದ್-ಸಿಕಂದರಾಬಾದ್ ಮೈದಾನಗಳಲ್ಲಿ ಬೆಳೆದವರು. ಜರ್ನೈಲ್ ದೇಶ ವಿಭಜನೆಯ ವೇಳೆ ನಿರಾಶ್ರಿತರಾಗಿ ಬಂದ ಪಂಜಾಬಿ. ಮುನ್ಪಡೆಯ ಅರುಮೈನಾಯಗಂ ಬೆಂಗಳೂರಿನವರು. ರೈಲ್ವೆ, ಪೊಲೀಸ್, ಸೇನೆ, ತೈಲ ಕಂಪನಿ, ಕಾರ್ಖಾನೆಗಳು ಸಂಬಳ ಕೊಟ್ಟವು. ಕ್ಲಬ್ಬುಗಳು ಪೈಪೋಟಿ ಒದಗಿಸಿದವು. ಸಂತೋಷ್ ಟ್ರೋಫಿ ರಾಜ್ಯ ರಾಜ್ಯಗಳನ್ನು ಎದುರುಬದುರು ನಿಲ್ಲಿಸಿ ಯಾರು ಗಟ್ಟಿ, ಯಾರು ಜೊಳ್ಳು ಎಂಬುದನ್ನು ತೋರಿಸಿತು.

ಈ ಜಾಲದಲ್ಲಿ ಬೆಂಗಳೂರಿನ ಪಾಲು ಕಡಿಮೆಯದೇನಲ್ಲ. ಬ್ರಿಟಿಷ್ ಪಡೆಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಮರುವರ್ಷವೂ ಉಳಿಸಿಕೊಂಡದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. 1956 ಮತ್ತು 1960ರ ಒಲಿಂಪಿಕ್ಸ್ ತಂಡಗಳೆರಡರಲ್ಲೂ ಬೆಂಗಳೂರಿನ ಕೆಂಪಯ್ಯ ಇದ್ದರು. ದಂಡು ಪ್ರದೇಶದ ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರದಂಥ ಬಡಾವಣೆಗಳ ಹುಡುಗರಿಗೆ ಎಚ್‌ಎಎಲ್, ಐಟಿಐ ತಂಡಗಳಲ್ಲಿ ಸ್ಥಾನ ಸಿಕ್ಕರೆ ಸರ್ಕಾರಿ ನೌಕರಿ ಸಿಕ್ಕಂತೆಯೇ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಈಗಲೂ ಇದೆ. ನೌಕರಿ ಇಲ್ಲ. ಎಚ್‌ಎಎಲ್ ತಂಡ ಐ-ಲೀಗ್‌ನ ಉನ್ನತ ಹಂತದಲ್ಲಿ ಕೊನೆಯದಾಗಿ ಆಡಿದ್ದು 2011-12ರಲ್ಲಿ.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವಂತಿಲ್ಲ. 1951ರ ದೆಹಲಿ ಕೂಟದಲ್ಲಿ ಫುಟ್‌ಬಾಲ್ ಆಡಿದ್ದು ಆರು ತಂಡಗಳು ಮಾತ್ರ. ಯುದ್ಧದಲ್ಲಿ ಮುಳುಗಿದ್ದ ಕೊರಿಯ ಬಂದಿರಲಿಲ್ಲ. ಭಾರತ ರನ್ನರ್ ಅಪ್ ಆದ 1964ರ ಏಷ್ಯಾ ಕಪ್‌ನಲ್ಲಿದ್ದದ್ದು ನಾಲ್ಕೇ ತಂಡಗಳು. ಏಷ್ಯಾದ ಉಳಿದವರು ಇನ್ನೂ ಎದ್ದಿರಲಿಲ್ಲ. ಆದರೆ ಏಳುವ ಸಿದ್ಧತೆಯಲ್ಲಿದ್ದರು.

ಜಪಾನ್ ಉದಾಹರಣೆ ನೋಡಿ. 1962ರಲ್ಲಿ ಭಾರತಕ್ಕೆ 0-2ರಿಂದ ಮಣಿದ ಆ ದೇಶ ಅದಕ್ಕೂ ಮೊದಲೇ, 1960ರಲ್ಲಿ ಜರ್ಮನಿಯ ಡೆಟ್‌ಮರ್ ಕ್ರಾಮರ್ ಅವರನ್ನು ಕರೆಸಿಕೊಂಡಿತ್ತು. 1965ರಲ್ಲಿ ಕಂಪನಿ ತಂಡಗಳನ್ನೇ ಸೇರಿಸಿ ರಾಷ್ಟ್ರೀಯ ಲೀಗ್ ಆರಂಭಿಸಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿತು. 1993ರಲ್ಲಿ ವೃತ್ತಿಪರ ಜೆ-ಲೀಗ್, 1998ರಲ್ಲಿ ವಿಶ್ವಕಪ್ ಪ್ರವೇಶ. ಕಂಪನಿ ತಂಡಗಳು ಭಾರತದಲ್ಲೂ ಇದ್ದವು ಎಂಬುದೇ ಇಲ್ಲಿ ಮುಖ್ಯ. ಅವರು ಅವುಗಳನ್ನು ಲೀಗಾಗಿ ಬೆಳೆಸಿದರು. ಭಾರತದಲ್ಲಿ ರಾಷ್ಟ್ರೀಯ ಲೀಗ್ ಶುರುವಾಗಲು 1996ರವರೆಗೆ ಕಾಯಬೇಕಾಯಿತು. 1970ರ ಬ್ಯಾಂಕಾಕ್ ಕೂಟದಲ್ಲಿ ಜಪಾನನ್ನು ಸೋಲಿಸಿ ಗಳಿಸಿದ ಕಂಚೇ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ದೊರೆತ ಕಟ್ಟಕಡೆಯ ಫುಟ್‌ಬಾಲ್ ಪದಕ. ರಹೀಂ ಶಿಷ್ಯ ಪಿ.ಕೆ. ಆ ತಂಡದ ತರಬೇತುದಾರರಲ್ಲಿ ಒಬ್ಬರಾಗಿದ್ದರು.

ಹಣ ಬಂತು, ಆಟ ಬರಲಿಲ್ಲ

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದಾಗ ಹಣದ ಕೊರತೆ ನೀಗಿತೆಂದೇ ಭಾವಿಸಲಾಗಿತ್ತು. ಕ್ರೀಡಾಂಗಣ, ಹುಲ್ಲುಹಾಸು, ನೇರ ಪ್ರಸಾರ ಸುಧಾರಿಸಿದ್ದು ನಿಜ. ಆದರೆ ಲೀಗಿನ ಬುಡ ಒಂದು ವಾಣಿಜ್ಯ ಒಪ್ಪಂದದ ಮೇಲೆ ನಿಂತಿತ್ತು. 2010ರಲ್ಲಿ ಸಹಿಯಾದ 15 ವರ್ಷಗಳ ಆ ಒಪ್ಪಂದ 2025ರ ಡಿಸೆಂಬರ್‌ನಲ್ಲಿ ಕೊನೆಗೊಳ್ಳುವುದಿತ್ತು. ನವೀಕರಣದ ಮಾತುಕತೆ ನಿಂತಾಗ ಇಡೀ ಋತುವೇ ಅತಂತ್ರವಾಯಿತು. ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಆಟಗಾರರ, ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಸರ್ಕಾರದ ಮಧ್ಯಪ್ರವೇಶದ ನಂತರ 2026ರ ಫೆಬ್ರುವರಿಯಲ್ಲಿ ಲೀಗ್ ಮೊಟಕು ರೂಪದಲ್ಲಿ ಆರಂಭವಾಯಿತು. ಒಂದು ಸಹಿಯಿಲ್ಲದ ಕಾಗದ ದೇಶದ ಅಗ್ರ ಆಟಗಾರರನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿತು. ಅರವತ್ತು ವರ್ಷಗಳ ಹಿಂದೆ ಕಂಪನಿಯೊಂದು ತಂಡ ಮುಚ್ಚಿದರೆ ಆಟಗಾರ ಇನ್ನೊಂದರಲ್ಲಿ ಆಡುತ್ತಿದ್ದ.

ಮೈದಾನದಲ್ಲೂ ಇದೇ ಒಂಟಿಕಂಬದ ಅವಲಂಬನೆ. ಸುನಿಲ್ ಚೆಟ್ರಿ 94 ಅಂತರರಾಷ್ಟ್ರೀಯ ಗೋಲುಗಳೊಡನೆ 2024ರ ಜೂನ್‌ನಲ್ಲಿ ನಿವೃತ್ತರಾದರು. ಗೋಲು ಹೊಡೆಯುವವರು ಸಿಗದೆ ಮರುವರ್ಷ ಮಾರ್ಚ್‌ನಲ್ಲಿ, 40ರ ಹರೆಯದಲ್ಲಿ ಅವರನ್ನೇ ಮರಳಿ ಕರೆತರಲಾಯಿತು. ಬಂದವರು ಮಾಲ್ಡೀವ್ಸ್ ವಿರುದ್ಧ 95ನೆಯದನ್ನೂ ಗಳಿಸಿದರು. ಅದು ಚೆಟ್ರಿ ಅವರ ಹಿರಿಮೆ, ವ್ಯವಸ್ಥೆಯ ನಾಚಿಕೆಗೇಡು. ಬಳಿಕ ಹುಡುಕಿದ ದಾರಿ ವಿದೇಶದಲ್ಲಿ ಬೆಳೆದ ಭಾರತ ಮೂಲದವರಿಗೆ ಪೌರತ್ವ ನೀಡುವುದು. ಆಸ್ಟ್ರೇಲಿಯದಲ್ಲಿ ಬೆಳೆದ, ಬೆಂಗಳೂರು ಎಫ್‌ಸಿ ಆಟಗಾರ ರಯಾನ್ ವಿಲಿಯಮ್ಸ್ 2025ರ ನವೆಂಬರ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಪಡೆದರು. ಇದರಲ್ಲಿ ತಪ್ಪೇನಿಲ್ಲ, ಅನೇಕ ದೇಶಗಳು ಇದನ್ನೇ ಮಾಡುತ್ತಿವೆ. ಆದರೆ ಇನ್ನೊಂದು ದೇಶದ ಮೈದಾನದಲ್ಲಿ ಬೆಳೆದ ಆಟಗಾರ ಇಲ್ಲಿನ ಮೈದಾನದ ಬರವನ್ನು ತುಂಬಲಾರ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯದಲ್ಲಿ ಒಂದೆರಡು ದಿನ ಸಂಭ್ರಮವಿತ್ತು. ರಾಷ್ಟ್ರೀಯ ತಂಡದ ಆಯ್ಕೆಗೆ ರಹೀಂ ಕಾಲದಲ್ಲಿ ಹೆಬ್ಬಾಗಿಲಾಗಿದ್ದ ಆ ಟೂರ್ನಿಯಲ್ಲಿ ಈಗ ಸೂಪರ್ ಲೀಗಿನ ಪ್ರಮುಖ ಆಟಗಾರರು ಕಾಣಿಸಿಕೊಳ್ಳುವುದಿಲ್ಲ.

ಸುದ್ದಿಯಾಗದ ಗೆಲುವುಗಳೂ ಇವೆ. ಪುರುಷರ ತಂಡ ಎಡವಿದ 2025ರಲ್ಲೇ ಮಹಿಳಾ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಮಣಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಅರ್ಹತಾ ಸುತ್ತು ಆಡಿ ಮಹಿಳೆಯರು ಆ ಟೂರ್ನಿ ತಲುಪಿದ್ದು ಅದೇ ಮೊದಲು. ಢಾಕಾ ಸೋಲಿನ ಎರಡು ವಾರಗಳೊಳಗೆ, ನವೆಂಬರ್ 30ರಂದು ಅಹಮದಾಬಾದಿನಲ್ಲಿ 17 ವರ್ಷದೊಳಗಿನ ಬಾಲಕರ ತಂಡ ಇರಾನ್ ಎದುರು ಒಂದು ಗೋಲಿನ ಹಿನ್ನಡೆಯಿಂದ ಚೇತರಿಸಿಕೊಂಡು 2-1ರಿಂದ ಗೆದ್ದು ತನ್ನ ವಯೋಮಾನದ ಏಷ್ಯಾ ಕಪ್‌ಗೆ ಪ್ರವೇಶ ಪಡೆಯಿತು.